ಮೊದಲು ಪ್ರಾಕ್ಸಿ ಕಳ್ಸಿ, ಒರಿಜಿನಲ್ ಆಮೇಲೆ ಬರ್ಲಿ

ಪ್ರಾಕ್ಸಿ ಅಂದ್ರೆ ಒರಿಜಿನಲ್ ವಿಡಿಯೋದ ಚಿಕ್ಕ, ಹಗುರ ಕಾಪಿ; ಎಡಿಟ್ ಅದರಲ್ಲಿ ಮಾಡಿ, ಕೊನೇಲಿ ಅದರ ಜಾಗಕ್ಕೆ ಒರಿಜಿನಲ್ ಕೂರಿಸ್ತೀವಿ. ಪ್ರಾಕ್ಸಿ ಅಂದ ತಕ್ಷಣ ಎಲ್ಲರೂ ಹೇಳೋದು ಸಿಸ್ಟಮ್ ಹ್ಯಾಂಗ್ ಆಗಲ್ಲ, ಎಡಿಟಿಂಗ್ ಟೈಮ್‌ಲೈನ್ ಸ್ಮೂತಾಗಿ ಓಡತ್ತೆ ಅಂತ. ನಿಜಾನೇ, ಆದ್ರೆ ನಮ್ಮ ನ್ಯೂಸ್ ಡೆಸ್ಕಿಗೆ ಅದರಿಂದ ಸಿಕ್ಕ ದೊಡ್ಡ ಲಾಭ ಅಂದ್ರೆ ಟೈಮು. ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೀತಿರತ್ತೆ, ಎಡಿಟರ್‌ಗಳು ನಾವು ಬೆಂಗಳೂರಲ್ಲಿ, ಅಲ್ಲಿ ರಿಪೋರ್ಟರ್ ಕೈಲಿರೋದು ಒಂದು ಮೊಬೈಲ್ ಹಾಟ್‌ಸ್ಪಾಟು. 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ಶೂಟ್ ಮಾಡಿದ 20 ನಿಮಿಷದ ಫುಟೇಜ್ 7.5 ಜಿಬಿ ಆಗತ್ತೆ, ಅಪ್‌ಲೋಡ್ 10 ಎಂಬಿಪಿಎಸ್ ಸಿಕ್ರೂ 100 ನಿಮಿಷ ಬೇಕು, ಅಷ್ಟೊತ್ತಿಗೆ ಬುಲೆಟಿನ್ನೇ ಮುಗಿದಿರತ್ತೆ. ಅದೇ 2 ಎಂಬಿಪಿಎಸ್ ಪ್ರಾಕ್ಸಿ ಆದ್ರೆ 300 ಎಂಬಿ, ನಾಲ್ಕೈದು ನಿಮಿಷದಲ್ಲಿ ಬಂದುಬಿಡತ್ತೆ.

ಹಾಗಾಗಿ ನಾನು ಮಾಡ್ಕೊಂಡಿರೋ ಪದ್ಧತಿ ಏನಂದ್ರೆ, ರಿಪೋರ್ಟರ್ ಮೊದಲು ಪ್ರಾಕ್ಸಿ ಅಷ್ಟೇ ಕಳಿಸ್ತಾರೆ, ನಾವು ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು) ಆರಿಸಿ, ವಾಯ್ಸ್ ಓವರ್ ಕೂರಿಸಿ ಸ್ಟೋರಿ ಕಟ್ ಮಾಡ್ತಾ ಇದ್ದಂಗೇ ಯಾವ್ಯಾವ ಕ್ಲಿಪ್ ಬೇಕು ಅಂತ ಪಟ್ಟಿ ವಾಪಸ್ ಹೋಗತ್ತೆ, ಅಷ್ಟರದ್ದು ಮಾತ್ರ ಒರಿಜಿನಲ್ ಬರತ್ತೆ. ಎರಡು ನಿಮಿಷದ ಸ್ಟೋರಿಗೆ ಎಲ್ಲ ಕ್ಲಿಪ್ಪೂ ಯಾಕೆ ಬೇಕು ಹೇಳಿ? ಒರಿಜಿನಲ್ ಮಾತ್ರ ಟ್ರಿಮ್ ಮಾಡದೆ ಪೂರ್ತಿ ಕ್ಲಿಪ್ಪೇ ಕಳಿಸಿ ಅಂತೀನಿ, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಆಚೀಚೆ ಆದ್ರೆ ರೀಲಿಂಕ್, ಅಂದ್ರೆ ಪ್ರಾಕ್ಸಿ ಜಾಗಕ್ಕೆ ಒರಿಜಿನಲ್ ಜೋಡಿಸೋದು, ಮಾಡೋವಾಗ ತಲೆನೋವು.

ಸೋನಿ ಮಿರರ್‌ಲೆಸ್ ಕ್ಯಾಮೆರಾ ಇದ್ರೆ ಪ್ರಾಕ್ಸಿ ರೆಕಾರ್ಡಿಂಗ್ ಆನ್ ಮಾಡಿಟ್ರೆ ಕಾರ್ಡ್‌ನಲ್ಲಿ 'ಸಬ್' ಫೋಲ್ಡರ್ ಒಳಗೆ ತಾನೇ ರೆಡಿ ಇರತ್ತೆ. ಇಲ್ಲಾಂದ್ರೆ ಲ್ಯಾಪ್‌ಟಾಪಲ್ಲಿ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರ್: 960×540 ಸೈಜು, ಎಚ್.264 ಫಾರ್ಮ್ಯಾಟ್, ಫ್ರೇಮ್ ರೇಟ್ ಒರಿಜಿನಲ್ ಎಷ್ಟಿದ್ಯೋ ಅಷ್ಟೇ, ನಮ್ಮಲ್ಲಿ ಸೆಕೆಂಡಿಗೆ 25. ಆಡಿಯೋ ಚಾನೆಲ್ ಎಷ್ಟಿದ್ಯೋ ಅಷ್ಟೂ ಹಾಗೇ ಇರ್ಬೇಕು, ಒಂದರಲ್ಲಿ ಲೇಪಲ್ (ಅಂಗಿಗೆ ಸಿಕ್ಕಿಸೋ ಮೈಕ್) ಇನ್ನೊಂದರಲ್ಲಿ ಕ್ಯಾಮೆರಾ ಮೈಕ್ ಇರತ್ತೆ, ಎರಡನ್ನೂ ಕಲಸಿ ಮೋನೋ (ಒಂದೇ ಚಾನೆಲ್) ಮಾಡಿದ್ರೆ ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಅದನ್ನ ಅಟ್ಯಾಚ್ ಮಾಡಕ್ಕೇ ಬಿಡಲ್ಲ.

ಹೆಸರಿನ ವಿಷಯದಲ್ಲಿ ನಾನು ತುಂಬಾ ಸ್ಟ್ರಿಕ್ಟು. ಕ್ಯಾಮೆರಾ ಕೊಡೋ ಸಿ0001 ಅನ್ನೋ ಹೆಸರು ಎಷ್ಟು ಕಾರ್ಡ್‌ನಲ್ಲಿ ಇರತ್ತೋ ಲೆಕ್ಕ ಇಲ್ಲ, ಅದಕ್ಕೇ ಪ್ರಾಕ್ಸಿ ಕಳಿಸೋಕೆ ಮುಂಚೆನೇ ತಾರೀಖು, ಊರು, ಕಾರ್ಡ್ ನಂಬರ್ ಸೇರಿಸಿ ಹೆಸರು ಬದಲಾಯಿಸ್ಬೇಕು, ಆಮೇಲೆ ಅದನ್ನ ಮುಟ್ಟಬಾರದು.

ಸ್ಟ್ರಿಂಗರ್‌ಗಳ (ಊರೂರಲ್ಲಿರೋ ಅರೆಕಾಲಿಕ ವರದಿಗಾರರು) ಮೊಬೈಲ್ ವಿಡಿಯೋ ಬೇರೆ ಕಥೆ. ಅದ್ರ ಫ್ರೇಮ್ ರೇಟ್ ಏರಿಳಿತಾ ಇರತ್ತೆ, ನೇರ ಪ್ರಾಕ್ಸಿ ಮಾಡಿದ್ರೆ ತುಟಿ ಒಂದ್ಕಡೆ ಮಾತು ಒಂದ್ಕಡೆ. ಮೊದಲು ಒರಿಜಿನಲ್ಲನ್ನೇ ಸ್ಥಿರ 25ಕ್ಕೆ ಕನ್ವರ್ಟ್ ಮಾಡಿ, ಅದರಿಂದ ಪ್ರಾಕ್ಸಿ ತೆಗೀರಿ.

ಪ್ರಾಕ್ಸಿ ಮೂಲೇಲಿ ಚಿಕ್ಕದಾಗಿ 'ಪ್ರಾಕ್ಸಿ' ಅಂತ ಬರೆಸ್ತೀವಿ, ಒಂದು ಶಾಟ್ ರೀಲಿಂಕ್ ಆಗದೆ ಉಳಿದ್ರೂ ಎಕ್ಸ್‌ಪೋರ್ಟ್ ನೋಡೋರ ಕಣ್ಣಿಗೆ ಬೀಳ್ಬೇಕು ಅಂತ. ಫೋಕಸ್ ಸರಿ ಇದ್ಯಾ ಅಂತ 540ರಲ್ಲಿ ಗೊತ್ತಾಗಲ್ಲ, ಅದಕ್ಕೆ ಒರಿಜಿನಲ್ ಬಂದ್ಮೇಲೆ ಪ್ರತಿ ಬೈಟಲ್ಲೂ ಮಾತಾಡೋರ ಕಣ್ಣು ಶಾರ್ಪ್ ಇದ್ಯಾ ಅಂತ ನೂರು ಪರ್ಸೆಂಟ್ ಝೂಮಲ್ಲಿ ನೋಡೇ ಬಿಡ್ತೀನಿ.

ಸ್ಟೋರಿ ಹೋದ್ಮೇಲೂ ಪ್ರಾಕ್ಸಿ ಡಿಲೀಟ್ ಮಾಡಲ್ಲ, 1 ಟಿಬಿ ಡಿಸ್ಕಲ್ಲಿ ಸಾವಿರ ಗಂಟೆ ಹಿಡಿಯತ್ತೆ. ಹಳೇ ಬೈಟ್ ಬೇಕು ಅಂದ್ರೆ ಅಲ್ಲೇ ಹುಡುಕಿ ಟೈಮ್‌ಕೋಡ್ ಬರ್ಕೊಂಡು, ಆ ಒಂದು ಕ್ಲಿಪ್ ಮಾತ್ರ ಆರ್ಕೈವ್‌ನಿಂದ ಇಳಿಸ್ಕೊಳ್ತೀವಿ.