ಇಬ್ಬರು ಸಂಗಪ್ಪರ ಒಂದು ಫೈಲು

"ಯಪ್ಪಾ, ನನಗ ಶುಗರ್ ಐತಿ ಅಂತ ಯಾರ ಹೇಳಿದ್ರು? ನನಗಿಲ್ಲ."

ಮಾತ್ರೆ ಚೀಟಿ ಹಿಡಿದು ಕೌಂಟರ್ ಮುಂದೆ ನಿಂತಿದ್ದ ಅಜ್ಜ ಹೀಗೆ ಕೇಳಿದರು. ಫೈಲ್ ತೆಗೆದು ನೋಡಿದೆ. ಸಂಗಪ್ಪ, ಬೀಳಗಿ ತಾಲೂಕು, ವಯಸ್ಸು ಅರವತ್ತರ ಆಸುಪಾಸು. ಎಲ್ಲ ಸರಿ ಇತ್ತು. ಆದರೆ ಒಳಗಿದ್ದ ಶುಗರ್ ರಿಪೋರ್ಟ್ ಅದೇ ಊರಿನ ಇನ್ನೊಬ್ಬ ಸಂಗಪ್ಪ ಅವರದ್ದು. (ಹೆಸರು ಬದಲಿಸಿದ್ದೇನೆ.) ಅಜ್ಜ ಬಾಯಿ ಬಿಟ್ಟು ಕೇಳದಿದ್ದರೆ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಮನೆಯಲ್ಲಿ ತಲೆ ತಿರುಗಿ ಬೀಳುತ್ತಿದ್ದರೋ ಏನೋ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಾಗಲಕೋಟೆಯ ನವನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ರೆಕಾರ್ಡ್ ವಿಭಾಗ ನೋಡಿಕೊಳ್ಳುತ್ತೇನೆ. 'ಡೇಟಾ ಗವರ್ನೆನ್ಸ್' ಅನ್ನೋ ಮಾತನ್ನು ತರಬೇತಿಯಲ್ಲಿ ಕೇಳಿದ್ದೆ. ಅದು ಸರ್ವರ್ ನೋಡಿಕೊಳ್ಳುವವರ ಕೆಲಸ ಅಂದುಕೊಂಡಿದ್ದೆ. ಈ ಮಾಹಿತಿ ಯಾರದು, ಯಾರು ಬರೆದರು, ಯಾರು ನೋಡಬಹುದು, ತಪ್ಪಾದರೆ ಯಾರು ತಿದ್ದಬೇಕು? ಇಷ್ಟೇ ಅದರ ತಿರುಳು. ನಮ್ಮಲ್ಲಿ ಇದರಲ್ಲಿ ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ.

ಮೊದಲು ಕೈ ಹಾಕಿದ್ದು ಹೆಸರಿಗೆ. ನಮ್ಮ ಕಡೆ ಒಂದೇ ಊರಲ್ಲಿ ಐದಾರು ಬಸಪ್ಪ, ಏಳೆಂಟು ಯಲ್ಲವ್ವ ಇರುತ್ತಾರೆ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಶಂಕ್ರೆಪ್ಪ ಒಂದು ಸಲ ಶಂಕರಪ್ಪ ಆಗುತ್ತಾರೆ, ಅವರಿಗೆ ಹೊಸ ಆಸ್ಪತ್ರೆ ನಂಬರ್ ಹುಟ್ಟುತ್ತದೆ. ಹುಟ್ಟಿದ ದಿನ ನೋಡೋಣ ಅಂದರೆ ಎಷ್ಟೋ ಜನರಿಗೆ ಆಧಾರ್‌ನಲ್ಲಿ ಜನವರಿ 1, ಶಾಲೆಯ ದಾಖಲೆಯಲ್ಲಿ ಜೂನ್ 1. ಮೊಬೈಲ್ ನಂಬರ್ ಮನೆಮಂದಿಗೆಲ್ಲ ಒಂದೇ. ಇನ್ನು ಊರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಕ್ಕೆ ಬಂದು ವರ್ಷಗಳೇ ಆದರೂ ಹಳೇ ಊರಿನ ಹೆಸರು ಬಿಟ್ಟಿಲ್ಲ. ಬಿಡಬೇಕು ಯಾಕೆ? ಆದರೆ ಅಪ್ಪ ಹಳೇ ಊರು ಬರೆಸಿ, ಮುಂದಿನ ಸಲ ಮಗ ನವನಗರದ ಸೆಕ್ಟರ್ ನಂಬರ್ ಬರೆಸಿದರೆ ಒಬ್ಬರೇ ಇಬ್ಬರಾಗುತ್ತಾರೆ.

ಕೌಂಟರ್‌ನಲ್ಲಿ ಎರಡು ದಿನ ಸುಮ್ನೆ ಕೂತು ನೋಡಿದೆ. ನಮ್ಮ ಹುಡುಗಿಯರು "ಸಂಗಪ್ಪ ಅಲ್ರೀ ಅಜ್ಜಾರ?" ಎಂದು ಕೇಳುತ್ತಿದ್ದರು. ಕಿವಿ ಸರಿಯಾಗಿ ಕೇಳದವರು, ನೋವಿನಲ್ಲಿ ಇರುವವರು, ಎಲ್ಲರೂ "ಹೂನ್ರಿ" ಅಂದುಬಿಡುತ್ತಾರೆ. ತಪ್ಪು ಅಲ್ಲೇ ಇತ್ತು. ಈಗ ನಾವು ಹೆಸರು ಹೇಳಿ ಕೇಳುವುದಿಲ್ಲ. "ನಿಮ್ಮ ಪೂರ್ತಿ ಹೆಸರು ಹೇಳ್ರಿ" ಅನ್ನುತ್ತೇವೆ. ಆಮೇಲೆ ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು, ಊರು. 'ಹಳೇ ಊರು' ಅಂತ ಬೇರೆ ಕಾಲಂ ಹಾಕಿಸಿದೆವು. ಹೆಸರನ್ನು ಕನ್ನಡದಲ್ಲೂ ಬರೆಯುತ್ತೇವೆ. ಇವುಗಳಲ್ಲಿ ಮೂರಾದರೂ ಕೂಡಿ ಬಂದರೆ ಮಾತ್ರ ಹಳೇ ನಂಬರ್, ಇಲ್ಲದಿದ್ದರೆ ಮೇಲಿನವರನ್ನು ಕರೆಯಬೇಕು. ಒಬ್ಬೊಬ್ಬರಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಸೋಮವಾರದ ಸಾಲಿನಲ್ಲಿ ಬೈಗುಳವೂ ಕೇಳಬೇಕಾಗುತ್ತದೆ.

ಎರಡು ಫೈಲ್ ಒಂದು ಮಾಡುವ ಕೆಲಸ ಇನ್ನೂ ಸೂಕ್ಷ್ಮ. ಒಬ್ಬರೇ ಮಾಡುವ ಹಾಗಿಲ್ಲ, ಇಬ್ಬರು ನೋಡಿ ಸಹಿ ಹಾಕಬೇಕು. ಹಳೇ ನಂಬರ್ ಅಳಿಸುವುದಿಲ್ಲ, ಅದನ್ನು ಹುಡುಕಿದರೆ ಹೊಸದಕ್ಕೆ ದಾರಿ ತೋರಿಸುತ್ತದೆ. ಸಂಗಪ್ಪರ ಫೈಲಿನ ಹಾಗೆ ಇಬ್ಬರ ರಿಪೋರ್ಟ್ ಬೆರೆತಿದ್ದರೆ ನಾವು ಮುಟ್ಟುವುದೇ ಇಲ್ಲ, ಡಾಕ್ಟರ್ ಕೂತು ಬೇರೆ ಮಾಡುತ್ತಾರೆ.

ಆಮೇಲೆ ಲಾಗಿನ್. ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್, ಅದೂ ಮಾನಿಟರ್ ಮೇಲೆ ಅಂಟಿಸಿತ್ತು. ಯಾರು ಏನು ತಿದ್ದಿದರು ಅಂತ ಹೇಳಲು ಸಾಧ್ಯವೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟೆವು. ಸಿಸ್ಟರ್ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: "ರಾತ್ರಿ ಎಮರ್ಜೆನ್ಸಿ ಬಂದಾಗ ನನಗ ಆ ಫೈಲ್ ತೆರೆಯದಿದ್ರ ಏನ್ ಮಾಡ್ಲಿ ಸರ್?" ಅವರು ಹೇಳಿದ್ದು ನಿಜ. ಅದಕ್ಕೇ ತುರ್ತಿನಲ್ಲಿ ಯಾರು ಬೇಕಾದರೂ ಫೈಲ್ ತೆರೆಯಬಹುದು, ಆದರೆ ಕಾರಣ ಬರೆಯಬೇಕು ಎಂದು ಮಾಡಿದೆವು. ಮರುದಿನ ಬೆಳಿಗ್ಗೆ ನಾನು ಆ ಪಟ್ಟಿ ನೋಡುತ್ತೇನೆ. ಇದಕ್ಕೆಲ್ಲ ದುಡ್ಡು ಯಾಕೆ ಅಂದವರಿಗೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕೈಯಲ್ಲೇ ಬರೆಯಬೇಕಾದ ಕಥೆ ಹೇಳಿದೆ. ಬ್ಯಾಕಪ್‌ಗೂ ಒಪ್ಪಿಗೆ ಸಿಕ್ಕಿತು.

ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳಿಸುವುದನ್ನು ಪೂರ್ತಿ ನಿಲ್ಲಿಸಲು ಆಗಲಿಲ್ಲ. ಮಧ್ಯರಾತ್ರಿ ಇಸಿಜಿ ಫೋಟೋ ಹೃದಯದ ಡಾಕ್ಟರಿಗೆ ಹೋಗಲೇಬೇಕು. ಗ್ರೂಪಿಗೆ ಹಾಕುವಂತಿಲ್ಲ, ಹೆಸರಿನ ಬದಲು ಆಸ್ಪತ್ರೆ ನಂಬರ್, ಕೆಲಸ ಮುಗಿದ ಮೇಲೆ ಅಳಿಸಬೇಕು. ಸದ್ಯಕ್ಕೆ ಇಷ್ಟು.

ನನ್ನನ್ನು ಜಾಸ್ತಿ ಕಾಡಿದ್ದು ಎಚ್‌ಐವಿ ಫೈಲುಗಳು. ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಗುರುತು ಹಾಕುವ ರೂಢಿ ನಮ್ಮಲ್ಲಿತ್ತು. ಸಿಬ್ಬಂದಿ ಹುಷಾರಾಗಿರಲಿ ಅಂತ ಶುರುವಾಗಿದ್ದಂತೆ. ಆದರೆ ಅದನ್ನು ಪಕ್ಕದ ಬೆಡ್‌ನವರೂ ಓದುತ್ತಾರೆ ಅಲ್ವಾ? ಪಕ್ಕದ ಬೆಡ್‌ನವರು ಅದೇ ಊರಿನವರೂ ಆಗಿರಬಹುದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆ ಇಲ್ಲದೆ ಇದನ್ನು ಹೊರಗೆ ಹೇಳುವಂತಿಲ್ಲ. ಯಾವ ರೋಗಿಯ ರಕ್ತ ಮುಟ್ಟುವಾಗಲೂ ಸಿಬ್ಬಂದಿ ಗ್ಲೌಸ್ ಹಾಕಬೇಕು. ಹಾಗೆ ಮಾಡಿದರೆ ಗುರುತಿನ ಅಗತ್ಯವೇ ಇಲ್ಲ. ಹಳೇ ರಟ್ಟುಗಳನ್ನು ನಾನೇ ಕೂತು ಒಂದೊಂದಾಗಿ ಬದಲಿಸಿದೆ. ಆ ಕೆಲಸವನ್ನು ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ.

ಕೊನೆಗೆ ಒಪ್ಪಿಗೆ ಪತ್ರ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮಾಹಿತಿ ಯಾಕೆ ಬೇಕು ಅನ್ನುವ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕು ಅನ್ನುತ್ತದೆ ಈ ಕಾನೂನು. ನಮ್ಮ ಫಾರಂ ಆಗ ಇಂಗ್ಲಿಷಿನಲ್ಲೇ ಇತ್ತು. ಮೊದಲು ಮಾಡಿದ ಕನ್ನಡವೂ ಅಷ್ಟೇ ಕಷ್ಟದ್ದು. ಅದನ್ನು ಹರಿದು, ಓದಿ ಹೇಳಿದರೆ ತಿಳಿಯುವ ಹಾಗೆ ಒಂದು ಪುಟಕ್ಕೆ ಇಳಿಸಿದೆವು. ಅಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಮಾಡಿಸುವುದು ಅವರವರ ಇಷ್ಟ, ಇಲ್ಲದಿದ್ದರೂ ಚಿಕಿತ್ಸೆ ಸಿಗುತ್ತದೆ ಎಂದೂ ಅದರಲ್ಲೇ ಬರೆದೆವು. ಜೀವಕ್ಕೆ ಅಪಾಯ ಇದ್ದಾಗ ಸಹಿಗೆ ಕಾಯುವುದಿಲ್ಲ.

ಅದನ್ನು ಮೊದಲು ಓದಿ ಹೇಳಿದ್ದು ಜನರಲ್ ವಾರ್ಡಿನ ಒಬ್ಬ ಅವ್ವನಿಗೆ. ಪೂರ್ತಿ ಕೇಳಿದರು. ಹೆಬ್ಬೆಟ್ಟು ಒತ್ತುವ ಮೊದಲು ಸಣ್ಣ ದನಿಯಲ್ಲಿ ಹೇಳಿದರು: "ನನ್ನ ಮಗಳಿಗೆ ಎಲ್ಲಾ ಹೇಳ್ರಿ. ಮಗಗ ಬ್ಯಾಡ."

ನಮ್ಮ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹಾಳೆಯ ಹಿಂಬದಿ ಪೆನ್ನಿನಲ್ಲಿ ಬರೆದುಕೊಂಡೆ. ಮರುವಾರ 'ಯಾರಿಗೆ ಹೇಳಬಹುದು, ಯಾರಿಗೆ ಬೇಡ' ಅನ್ನುವ ಸಾಲು ಸೇರಿಸಿ ಹೊಸದಾಗಿ ಪ್ರಿಂಟ್ ಹಾಕಿಸಿದೆವು. ಎರಡು ದಿನದಲ್ಲಿ ಆ ಮಗ ಫೋನ್ ಮಾಡಿ ರಿಪೋರ್ಟ್ ಕೇಳಿದರು. ಕೌಂಟರ್ ಹುಡುಗಿ ಫೈಲ್ ನೋಡಿ, "ಅವ್ವಾರನ್ನ ಕೇಳ್ರಿ ಅಣ್ಣಾರ, ಅವ್ರು ಹೂಂ ಅಂದ್ರ ಕೊಡ್ತೀವಿ" ಅಂದಳು.