ಹಳೆಯ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್: ಜೋಡಿಸುವ ಮುನ್ನ ಮತ್ತು ಜೋಡಿಸಿದ ಮೇಲೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ 2009ರಲ್ಲಿ ಜೋಡಿಸಿದ ಕಂಪ್ಯೂಟರ್ ಒಂದು ಇಂದಿಗೂ ಕೆಲಸ ಮಾಡುತ್ತಿದೆ. ಇಲ್ಲಿನ ನಮ್ಮ ಕನ್ನಡ ಸಂಘದ ಯಕ್ಷಗಾನ, ತಾಳಮದ್ದಳೆಗಳ ಧ್ವನಿಮುದ್ರಣ, ನಾಟಕಗಳ ವಿಡಿಯೊ, ಸ್ಮರಣ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳು ಎಲ್ಲವೂ ಅದರಲ್ಲಿವೆ. 500 ಜಿಬಿಯ ಡಿಸ್ಕ್ ತುಂಬಿಹೋದಾಗ 3 ಟಿಬಿಯ ಡಿಸ್ಕ್ ತಂದು ಜೋಡಿಸಿದೆ. ವಿಂಡೋಸ್ 7 ಅದನ್ನು ಕೂಡಲೇ ಗುರುತಿಸಿತು, ಆದರೆ ಅದರ ಒಟ್ಟು ಗಾತ್ರ 746 ಜಿಬಿ ಎಂದು ತೋರಿಸಿತು. ಅಂದು ನಾನು ಆ ಅಂಕಿಯನ್ನು ಕಡೆಗಣಿಸಿ ಫಾರ್ಮ್ಯಾಟ್ ಮಾಡಿ ಕಡತಗಳನ್ನು ತುಂಬಿಸಲು ತೊಡಗಿದ್ದರೆ ಸಂಘದ ಸಂಗ್ರಹ ಅಪಾಯಕ್ಕೆ ಸಿಲುಕುತ್ತಿತ್ತು. ಕಾಣಿಸದೇ ಇರುವ ಡಿಸ್ಕ್ ಕೆಲಸವನ್ನಷ್ಟೇ ತಡೆಯುತ್ತದೆ, ತಪ್ಪು ಗಾತ್ರದಲ್ಲಿ ಕಾಣಿಸುವ ಡಿಸ್ಕ್ ಮಾತ್ರ ಬರೆದದ್ದನ್ನು ಅಳಿಸಬಲ್ಲದು. ಈ ಬರಹದಲ್ಲಿ ಹೆಚ್ಚು ಒತ್ತು ಕೊಟ್ಟಿರುವುದು ಆ ಎರಡನೆಯ ಸಂಗತಿಗೆ.

ಡಿಸ್ಕಿನ ಮೇಲಿನ ಜಾಗವನ್ನು ಸೆಕ್ಟರ್‌ಗಳೆಂಬ ಸಣ್ಣ ತುಂಡುಗಳಾಗಿ ಎಣಿಸಲಾಗುತ್ತದೆ. ಬಹುಕಾಲ ಒಂದು ಸೆಕ್ಟರ್ ಎಂದರೆ 512 ಬೈಟ್ ಎಂಬುದೇ ವಾಡಿಕೆಯಾಗಿತ್ತು, ಇಂದಿನ ಹೆಚ್ಚಿನ ಡಿಸ್ಕ್‌ಗಳು ಒಳಗೆ 4096 ಬೈಟ್‌ಗಳ ಸೆಕ್ಟರ್ ಬಳಸಿದರೂ ಕಂಪ್ಯೂಟರಿಗೆ 512 ಎಂದೇ ಹೇಳಿಕೊಳ್ಳುತ್ತವೆ. ಸೆಕ್ಟರಿನ ಕ್ರಮಸಂಖ್ಯೆಗೆ 28 ಬಿಟ್‌ಗಳನ್ನಷ್ಟೇ ಮೀಸಲಿಟ್ಟಿದ್ದ ಐಡಿಇ ಎಂಬ, ಡಿಸ್ಕ್ ಜೋಡಿಸುವ ಹಳೆಯ ವ್ಯವಸ್ಥೆಯಲ್ಲಿ 137 ಜಿಬಿಯ ಆಚೆಗೆ ಲೆಕ್ಕ ಹೋಗುತ್ತಿರಲಿಲ್ಲ. 48 ಬಿಟ್‌ಗಳ ಹೊಸ ಕ್ರಮ ಬಂದ ಮೇಲೆ, ಮೊದಲ ಸರ್ವಿಸ್ ಪ್ಯಾಕ್ ಅಳವಡಿಸಿದ ವಿಂಡೋಸ್ ಎಕ್ಸ್‌ಪಿ ಆ ಗಡಿಯನ್ನು ದಾಟಿತು. ಅನಂತರದ ಗಡಿ ಎಂಬಿಆರ್ ಎಂಬ ವಿಭಜನಾ ಪಟ್ಟಿಯದು, ಡಿಸ್ಕನ್ನು ಯಾವ ಭಾಗಗಳಾಗಿ (ಪಾರ್ಟಿಷನ್) ಹಂಚಲಾಗಿದೆ ಎಂಬ ವಿವರ ಇರುವುದು ಅದರಲ್ಲಿ. ಆ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳಿರುವುದರಿಂದ ಅದು 2,19,902 ಕೋಟಿ ಬೈಟ್‌ಗಳವರೆಗೆ, ಅಂದರೆ ವಿಂಡೋಸ್ ಲೆಕ್ಕದ 2048 ಜಿಬಿಯವರೆಗೆ, ಮಾತ್ರ ಎಣಿಸಬಲ್ಲದು. ಇದಕ್ಕಿಂತ ದೊಡ್ಡ ಡಿಸ್ಕ್‌ಗೆ ಜಿಪಿಟಿ ಎಂಬ ಪಟ್ಟಿ ಬೇಕು, ಅದರಲ್ಲಿ ಸಂಖ್ಯೆಗೆ 64 ಬಿಟ್‌ಗಳಿವೆ.

ಡಿಸ್ಕ್ ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರ್ ಯಾವ ಕಾಲದ್ದೆಂದು ನೋಡಿಕೊಳ್ಳಿ. ಕ್ಯಾಬಿನೆಟ್ ತೆರೆದಾಗ ಅಗಲವಾದ 40 ಪಿನ್‌ಗಳ ಐಡಿಇ ಪಟ್ಟಿ ಕೇಬಲ್ ಮಾತ್ರ ಕಂಡರೆ, ಐಡಿಇಯ ನಂತರ ಬಂದ ಸಾಟಾ ಎಂಬ ಜೋಡಣೆಯನ್ನು ಒದಗಿಸುವ ಪಿಸಿಐ ಕಾರ್ಡ್ ಹಾಕಿ ದೊಡ್ಡ ಡಿಸ್ಕ್ ಜೋಡಿಸಲು ಸಾಧ್ಯವಿದೆಯಾದರೂ ನಾನು ಅದನ್ನು ಸೂಚಿಸುವುದಿಲ್ಲ, ಆ ಹಣಕ್ಕೆ ಸಾಟಾ ಇರುವ ಇನ್ನೊಂದು ಹಳೆಯ ಕಂಪ್ಯೂಟರನ್ನು ನೋಡುವುದು ಮೇಲು. ಸಾಟಾ ಇದ್ದರೆ ಮುಂದುವರಿಯಬಹುದು. ವಿಂಡೋಸ್ ಎಕ್ಸ್‌ಪಿಯ 32 ಬಿಟ್ ಆವೃತ್ತಿ ಜಿಪಿಟಿಯನ್ನು ಓದಲಾರದು, ಆದ್ದರಿಂದ ಅದನ್ನೇ ಉಳಿಸಿಕೊಳ್ಳಬೇಕಾದವರು 2 ಟಿಬಿಯ ಡಿಸ್ಕಿಗೆ ತೃಪ್ತರಾಗಬೇಕು. ವಿಸ್ತಾ ಮತ್ತು ಅದರ ನಂತರದ ಎಲ್ಲ ವಿಂಡೋಸ್‌ಗಳೂ ಲಿನಕ್ಸ್ ಕೂಡ ಜಿಪಿಟಿ ಡಿಸ್ಕನ್ನು ಕಡತ ಇಡುವ ಡಿಸ್ಕಾಗಿ ಬಳಸಬಲ್ಲವು.

ಆದರೆ ಕಡತ ಇಡುವುದು ಬೇರೆ, ಆ ಡಿಸ್ಕಿನಿಂದಲೇ ಕಂಪ್ಯೂಟರನ್ನು ಬೂಟ್ ಮಾಡುವುದು, ಅಂದರೆ ಚಾಲೂ ಮಾಡುವುದು, ಬೇರೆ. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಬೇಕಾದರೆ ಮದರ್‌ಬೋರ್ಡಿನಲ್ಲಿ ಯುಇಎಫ್‌ಐ ಎಂಬ ಆರಂಭಿಕ ತಂತ್ರಾಂಶ ಇರಬೇಕು, 2009ರ ಕಾಲದ ಸಾಮಾನ್ಯ ಮದರ್‌ಬೋರ್ಡ್‌ಗಳಲ್ಲಿ ಇರುವುದು ಅದಕ್ಕಿಂತ ಹಳೆಯದಾದ ಬಯಾಸ್. ಲಿನಕ್ಸನ್ನು ಬಯಾಸ್ ಇರುವ ಯಂತ್ರದಲ್ಲೂ ಜಿಪಿಟಿಯಿಂದ ಬೂಟ್ ಮಾಡಬಹುದು. ಅದಕ್ಕೆ ಡಿಸ್ಕಿನ ಆರಂಭದಲ್ಲಿ 1 ಎಂಬಿಯ ಬಯಾಸ್ ಬೂಟ್ ಪಾರ್ಟಿಷನ್ ಒಂದನ್ನು ಬಿಡಬೇಕಾಗುತ್ತದೆ. ಇಷ್ಟೆಲ್ಲ ತೊಡಕಿಗೆ ಹೋಗದೆ ಹಳೆಯ ಡಿಸ್ಕಿನಲ್ಲೋ, ಇನ್ನೂ ಒಳ್ಳೆಯದೆಂದರೆ 240 ಜಿಬಿಯ ಒಂದು ಎಸ್‌ಎಸ್‌ಡಿಯಲ್ಲೋ ವಿಂಡೋಸನ್ನು ಇಟ್ಟು ದೊಡ್ಡ ಡಿಸ್ಕನ್ನು ಕಡತಗಳಿಗೆ ಮಾತ್ರ ಮೀಸಲಿಡಿ. ನಾನು ಮಾಡಿದ್ದೂ ಇದನ್ನೇ, ಎಸ್‌ಎಸ್‌ಡಿ ಬಂದ ಮೇಲೆ ಆ ಹಳೆಯ ಯಂತ್ರದ ವೇಗವೂ ಹೆಚ್ಚಿತು.

ಮುಂಬಯಿಯವರು ಇಂಥ ಸಾಮಗ್ರಿಗೆ ಹೋಗುವುದು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ. ಅಲ್ಲಿ ಹೊಸ ಡಿಸ್ಕ್‌ಗಳ ಜೊತೆಗೆ ಬಳಸಿದ ಡಿಸ್ಕ್‌ಗಳೂ ಸಿಗುತ್ತವೆ, ಬಾಹ್ಯ ಡಿಸ್ಕ್‌ಗಳ ಪೆಟ್ಟಿಗೆ ಒಡೆದು ತೆಗೆದವೂ ದೊಡ್ಡ ಸರ್ವರ್‌ಗಳಿಂದ ಇಳಿಸಿದವೂ ಅವುಗಳಲ್ಲಿ ಇರುತ್ತವೆ. ಈ ಬಗೆಯ ಡಿಸ್ಕ್ ತರುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಹಳೆಯ ಎಸ್‌ಎಂಪಿಎಸ್‌ಗಳು ಸಾಟಾ ಪವರ್ ಕನೆಕ್ಟರಿನ ಮೂರನೆಯ ಪಿನ್ನಿಗೆ 3.3 ವೋಲ್ಟ್ ಕೊಡುತ್ತವೆ, ಆದರೆ ಹೊಸ ನಿಯಮದಂತೆ ತಯಾರಾದ ಕೆಲವು ಡಿಸ್ಕ್‌ಗಳು ಅದೇ ಪಿನ್ನಿನಲ್ಲಿ ವಿದ್ಯುತ್ ಕಂಡರೆ ಅದನ್ನು ‘ನಿಲ್ಲು’ ಎಂಬ ಸೂಚನೆಯಾಗಿ ತೆಗೆದುಕೊಳ್ಳುತ್ತವೆ. ಆಗ ಡಿಸ್ಕ್ ತಿರುಗುವುದೇ ಇಲ್ಲ, ಸುಟ್ಟುಹೋಗಿದೆ ಎಂದು ಭಾವಿಸಿ ಹಿಂತಿರುಗಿಸುವವರೂ ಇದ್ದಾರೆ. ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಹಳೆಯ ಮೋಲೆಕ್ಸ್ ಕನೆಕ್ಟರಿನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುವುದರಿಂದ, ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕೇಬಲ್ ಹಾಕಿದರೆ ಅಂಥ ಡಿಸ್ಕ್ ತಿರುಗತೊಡಗುತ್ತದೆ. ಕೇಬಲ್ ಆರಿಸುವಾಗ ಕನೆಕ್ಟರಿನ ಪ್ಲಾಸ್ಟಿಕ್ಕನ್ನು ತಂತಿಗಳ ಮೇಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಬಿಟ್ಟು, ಹಿಂಬದಿಯಲ್ಲಿ ತಂತಿಗಳು ಬೇರೆ ಬೇರೆಯಾಗಿ ಕಾಣುವುದನ್ನೇ ಕೇಳಿ ತೆಗೆದುಕೊಳ್ಳಿ, ಏಕೆಂದರೆ ಅಚ್ಚಿನವುಗಳಲ್ಲಿ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಎಸ್‌ಎಂಪಿಎಸ್‌ಗೆ ಹತ್ತು ವರ್ಷ ದಾಟಿದ್ದರೆ ಅದನ್ನು ಮೊದಲೇ ಬದಲಿಸುವುದು ಒಳ್ಳೆಯದು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಸೊರಗಿದ ಎಸ್‌ಎಂಪಿಎಸ್ ಅದನ್ನು ತಾಳದಿದ್ದರೆ ಡಿಸ್ಕ್ ಪದೇ ಪದೇ ನಿಂತು ಹೊರಡುತ್ತದೆ.

ಮಳೆಗಾಲದಲ್ಲಿ ಹವಾನಿಯಂತ್ರಿತ ಅಂಗಡಿಯಿಂದ ಡಿಸ್ಕ್ ತಂದರೆ ಪೊಟ್ಟಣ ತೆರೆಯದೆ ಒಂದೆರಡು ಗಂಟೆ ಮನೆಯ ಬಿಸಿಗೆ ಹೊಂದಿಕೊಳ್ಳಲು ಬಿಡಿ. ತಣ್ಣಗಿನ ಲೋಹದ ಮೇಲೆ ನಮ್ಮ ಊರಿನ ತೇವ ಹನಿಗಟ್ಟುತ್ತದೆ.

ಜೋಡಿಸಿದ ಮೇಲೆ ಮೊದಲು ಬಯಾಸ್ ತೆರೆದು ಸಾಟಾ ಕ್ರಮ (ಕಂಪ್ಯೂಟರ್ ಡಿಸ್ಕಿನೊಡನೆ ವ್ಯವಹರಿಸುವ ರೀತಿ) ಹೊಸದಾದ ಎಎಚ್‌ಸಿಐ ಆಗಿದೆಯೇ ನೋಡಿ. ಈಗಾಗಲೇ ಐಡಿಇ ಕ್ರಮದಲ್ಲಿ ವಿಂಡೋಸ್ ಅಳವಡಿಸಿದ್ದರೆ ಸಿದ್ಧತೆಯಿಲ್ಲದೆ ಇದನ್ನು ಬದಲಿಸಬೇಡಿ, ನೀಲಿ ಪರದೆ ಬಂದು ವಿಂಡೋಸ್ ನಿಲ್ಲುತ್ತದೆ. ಮದರ್‌ಬೋರ್ಡಿನ ಕೆಲವು ಹಳೆಯ ಚಿಪ್‌ಗಳು, ಮುಖ್ಯವಾಗಿ ವಿಐಎ ವಿಟಿ 8237, ಸೆಕೆಂಡಿಗೆ 3 ಗಿಗಾಬಿಟ್ ವೇಗದ ಡಿಸ್ಕಿನೊಡನೆ ಮಾತುಕತೆ ಕುದುರಿಸಲಾರದೆ ಅದನ್ನು ಕಾಣುವುದೇ ಇಲ್ಲ. ಡಿಸ್ಕಿನಲ್ಲಿ 1.5 ಗಿಗಾಬಿಟ್ಟಿಗೆ ಇಳಿಸುವ ಜಂಪರ್ (ಎರಡು ಪಿನ್‌ಗಳನ್ನು ಸೇರಿಸುವ ಪುಟ್ಟ ಮುಚ್ಚಳ) ಇದ್ದರೆ, ಲೇಬಲ್ಲಿನ ಚಿತ್ರದಂತೆ ಅದನ್ನು ಹಾಕಿ. ಹಾರ್ಡ್ ಡಿಸ್ಕ್ ಆ ವೇಗವನ್ನೂ ಪೂರ್ತಿ ಬಳಸುವುದು ಅಪರೂಪವಾದ್ದರಿಂದ ಇದರಿಂದ ಹೆಚ್ಚಿನ ನಷ್ಟವೇನಿಲ್ಲ.

ಈಗ ಗಾತ್ರದ ಪರೀಕ್ಷೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹೊಸ ಡಿಸ್ಕನ್ನು ಎಂಬಿಆರ್ ಆಗಿ ಸಿದ್ಧಗೊಳಿಸಲೋ ಜಿಪಿಟಿಯಾಗಿಯೋ ಎಂದು ಕೇಳುತ್ತದೆ. ಉತ್ತರಿಸುವ ಮೊದಲು ಎಡಬದಿಯಲ್ಲಿರುವ ಒಟ್ಟು ಗಾತ್ರವನ್ನು ಓದಿ. 3 ಟಿಬಿ ಡಿಸ್ಕ್ ಅಲ್ಲಿ ಸುಮಾರು 2794 ಜಿಬಿಯೆಂದೂ 4 ಟಿಬಿ ಡಿಸ್ಕ್ ಸುಮಾರು 3726 ಜಿಬಿಯೆಂದೂ ಕಾಣಬೇಕು. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಬರುವ ಈ ವ್ಯತ್ಯಾಸ ಸಹಜವಾದುದು.

746 ಎಂಬ ಅಂಕಿ ಎರಡು ರೀತಿಯಲ್ಲಿ ಬರಬಹುದು, ಎರಡರ ಅರ್ಥವೂ ಬೇರೆ. ಒಟ್ಟು ಗಾತ್ರ 2794 ಎಂದೇ ಇದ್ದು, 2048 ಜಿಬಿಯ ಪಕ್ಕದಲ್ಲಿ 746 ಜಿಬಿ ಬಳಸಲಾಗದ ಖಾಲಿ ಜಾಗವಾಗಿ ಕಂಡರೆ ನೀವು ಎಂಬಿಆರ್ ಆರಿಸಿದ್ದೀರಿ ಎಂದರ್ಥ. ಡಿಸ್ಕಿನಲ್ಲಿ ಇನ್ನೂ ಏನೂ ಇಲ್ಲದಿದ್ದರೆ ಪಾರ್ಟಿಷನ್‌ಗಳನ್ನು ಅಳಿಸಿ, ಜಿಪಿಟಿಗೆ ಬದಲಿಸಿದರೆ ಸರಿಹೋಗುತ್ತದೆ. ಒಟ್ಟು ಗಾತ್ರವೇ 746 ಎಂದು ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. 2794ರಿಂದ 2048 ಕಳೆದರೆ ಉಳಿಯುವುದು 746 ತಾನೆ? ದಾರಿಯಲ್ಲಿ ಎಲ್ಲೋ ಒಂದು ಕಡೆ 32 ಬಿಟ್‌ಗಳಲ್ಲಿ ಎಣಿಸುವ ತಂತ್ರಾಂಶ, ಹಳೆಯ ಮೀಟರು ತುದಿ ಮುಟ್ಟಿ ಸೊನ್ನೆಗೆ ಮರಳುವಂತೆ, ಎಣಿಕೆಯನ್ನು ಮೊದಲಿನಿಂದ ಶುರು ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಹೀಗೆ ಎಣಿಸುತ್ತಿದ್ದುದು ಮದರ್‌ಬೋರ್ಡಿನ ಜೊತೆಗೆ ಬಂದಿದ್ದ ಸ್ಟೋರೇಜ್ ಡ್ರೈವರ್, ಅಂದರೆ ಡಿಸ್ಕನ್ನು ನಡೆಸುವ ತಂತ್ರಾಂಶ. ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ತೆಗೆದು ವಿಂಡೋಸಿನದೇ ಆದ ಸ್ಟ್ಯಾಂಡರ್ಡ್ ಎಎಚ್‌ಸಿಐ ಡ್ರೈವರ್ ಆರಿಸಿ ಮರುಚಾಲನೆ ಮಾಡಿದಾಗ 2794 ಕಾಣಿಸಿತು.

ಅಂಕಿ ಸರಿ ಬಂದ ಮಾತ್ರಕ್ಕೆ ನಂಬಬೇಡಿ, ಗಡಿಯಾಚೆಗೆ ಬರೆದದ್ದು ನಿಜವಾಗಿ ಅಲ್ಲಿಗೇ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಎಣಿಕೆ ಸುತ್ತಿಬರುವ ವ್ಯವಸ್ಥೆಯಲ್ಲಿ ಮೊದಲ 2048 ಜಿಬಿ ತುಂಬುವ ತನಕ ಎಲ್ಲವೂ ಸರಿಯಾಗಿಯೇ ಇರುತ್ತದೆ, ಆಮೇಲೆ ಬರೆಯುವ ಕಡತ ಡಿಸ್ಕಿನ ಆರಂಭದ ಮೇಲೆ ಹೋಗಿ ಬೀಳುತ್ತದೆ, ಪಾರ್ಟಿಷನ್ ಪಟ್ಟಿ ಇರುವುದೂ ಅಲ್ಲಿಯೇ. ಜಿಪಿಟಿ ಆರಿಸಿ, ಇಡೀ ಡಿಸ್ಕಿಗೆ ಒಂದೇ ಪಾರ್ಟಿಷನ್ ಮಾಡಿ, ಎನ್‌ಟಿಎಫ್‌ಎಸ್ ಕ್ವಿಕ್ ಫಾರ್ಮ್ಯಾಟ್ ಮಾಡಿದ ಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕನ್ನು ಪೂರ್ತಿ ತುಂಬಿಸಿ ಮರಳಿ ಓದಿಸಿ. ಲಿನಕ್ಸಿನಲ್ಲಿ ಎಫ್3 ಇದೇ ಕೆಲಸ ಮಾಡುತ್ತದೆ. ಇವೆರಡೂ ಪ್ರತಿಯೊಂದು ಜಾಗದಲ್ಲಿ ಬೇರೆ ಬೇರೆ ದತ್ತಾಂಶ ಬರೆಯುವುದರಿಂದ ಒಂದರ ಮೇಲೊಂದು ಬಿದ್ದರೆ ತಿಳಿದುಬರುತ್ತದೆ. ಲಿನಕ್ಸಿನ ಇನ್ನೊಂದು ತಂತ್ರಾಂಶವಾದ ಬ್ಯಾಡ್‌ಬ್ಲಾಕ್ಸ್ ಇಡೀ ಡಿಸ್ಕಿಗೆ ಒಂದೇ ಮಾದರಿಯನ್ನು ಬರೆಯುವುದರಿಂದ ಕೆಟ್ಟ ಸೆಕ್ಟರ್ ಹುಡುಕಲು ಒಳ್ಳೆಯದಾದರೂ ಈ ದೋಷವನ್ನು ಹಿಡಿಯಲಾರದು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 3 ಟಿಬಿ ಬರೆಯಲು ಎಂಟು ಗಂಟೆಗಿಂತ ಹೆಚ್ಚು, ಓದಲು ಮತ್ತೆ ಅಷ್ಟೇ ಹೊತ್ತು ಬೇಕು. ರಾತ್ರಿ ಶುರು ಮಾಡಿದರೆ ಮರುದಿನ ಸಂಜೆ ಕೆಲಸದಿಂದ ಮರಳುವಷ್ಟರಲ್ಲಿ ಮುಗಿದಿರುತ್ತದೆ. ಈ ಒಂದು ದಿನವನ್ನು ಉಳಿಸಲು ದಯವಿಟ್ಟು ಯಾರೂ ಯತ್ನಿಸಬೇಡಿ.

ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬಳಸುವವರಿಗೂ ಇದೇ ಪರೀಕ್ಷೆ ಅಗತ್ಯ, ಹಳೆಯ ಪೆಟ್ಟಿಗೆಗಳ ಚಿಪ್ಪಿಗೂ 2 ಟಿಬಿಯ ಗಡಿ ಇರುವುದುಂಟು. ಇನ್ನು ಕೆಲವು ಪೆಟ್ಟಿಗೆಗಳು ಎಕ್ಸ್‌ಪಿಗೂ ದೊಡ್ಡ ಡಿಸ್ಕ್ ಕಾಣಲೆಂದು ಸೆಕ್ಟರ್ 4096 ಬೈಟ್‌ಗಳದ್ದೆಂದು ತೋರಿಸುತ್ತವೆ. ಅಂಥದ್ದರಲ್ಲಿ ತುಂಬಿಸಿದ ಡಿಸ್ಕನ್ನು ಹೊರತೆಗೆದು ನೇರವಾಗಿ ಸಾಟಾಗೆ ಜೋಡಿಸಿದರೆ ಪಾರ್ಟಿಷನ್ ಕಾಣಿಸದೆ, ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಬಹುದು. ಬೇಡ ಎಂದು ಒತ್ತಿ ಡಿಸ್ಕನ್ನು ಅದೇ ಪೆಟ್ಟಿಗೆಗೆ ಮರಳಿಸಿ, ಕಡತಗಳು ಇದ್ದಲ್ಲೇ ಇರುತ್ತವೆ.

ಪರೀಕ್ಷೆ ಮುಗಿದ ಬಳಿಕ ಪರೀಕ್ಷಾ ಕಡತಗಳನ್ನು ಅಳಿಸಿ, ನಿಮ್ಮ ಸಂಗ್ರಹವನ್ನು ನಕಲು ಮಾಡಿ. ಹಳೆಯ ಡಿಸ್ಕನ್ನು ಕೂಡಲೇ ಖಾಲಿ ಮಾಡದೆ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳವಿರುವ ಡಬ್ಬಿಯಲ್ಲಿ ಇನ್ನೊಂದು ಪ್ರತಿಯಾಗಿ ಇಡಿ. ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ತಂತ್ರಾಂಶ ತೆರೆದು 5, 197 ಮತ್ತು 198ನೆಯ ಸಂಖ್ಯೆಯ ಸಾಲುಗಳನ್ನು ನೋಡಿ. ಆ ಸಾಲುಗಳ ಸಂಖ್ಯೆ 05, ಸಿ5, ಸಿ6 ಎಂದೂ ಕಾಣಬಹುದು, ಅವುಗಳ ಎದುರಿನ ಕಚ್ಚಾ ಅಂಕಿ (ರಾ ವ್ಯಾಲ್ಯೂ) ಸೊನ್ನೆಯಿಂದ ಮೇಲೇರುತ್ತಿದ್ದರೆ ಡಿಸ್ಕಿನ ಮೇಲ್ಮೈ ಕೆಡುತ್ತಿದೆ, ಬದಲಿಗೆ ಇನ್ನೊಂದನ್ನು ತರಬೇಕು. 199, ಅಂದರೆ ಸಿ7, ಒಂದೇ ಏರುತ್ತಿದ್ದರೆ ಡಿಸ್ಕನ್ನು ದೂರಬೇಕಾಗಿಲ್ಲ. ಉಪ್ಪುಗಾಳಿಗೆ ಕನೆಕ್ಟರ್ ಮಸುಕಾಗಿಯೋ ಸಡಿಲವಾಗಿಯೋ ಇರುತ್ತದೆ, ಹೊಸ ಸಾಟಾ ಕೇಬಲ್ ಹಾಕಿದರೆ ಆ ಅಂಕಿ ಅಲ್ಲಿಗೇ ನಿಲ್ಲುತ್ತದೆ.