ಒಂದು ಕೋಟಿ ಸುತ್ತುಗಳಲ್ಲಿ ಕಾಣದ ಓವರ್‌ಲೋಡ್

ಒಂದೇ ಸರ್ವರ್, ಅದು ಕೆಲಸ ಮುಗಿಸುವ ವೇಗದ ಅರ್ಧದಷ್ಟು ವೇಗದಲ್ಲಿ ಹೊಸ ಕೆಲಸಗಳು ಬರುತ್ತವೆ, ಬರುವ ಅಂತರ, ಸೇವಾ ಅವಧಿ ಎರಡೂ ಘಾತೀಯ ಹಂಚಿಕೆಯವು (ಚಿಕ್ಕ ಅವಧಿಗಳು ಹೆಚ್ಚು, ದೀರ್ಘ ಅವಧಿಗಳು ವಿರಳ). ಖಾಲಿ ಸರದಿಗೆ ಮೊದಲ ಕೆಲಸ ಬಂದ ಮೇಲೆ, ಅದು ಮತ್ತೆ ಖಾಲಿಯಾಗುವ ಮೊದಲೇ 30 ಕೆಲಸಗಳನ್ನು ಮುಟ್ಟುವ, ಅಂದರೆ ತುಂಬುವ, ಸಂಭವನೀಯತೆ ಎಷ್ಟು ಎಂಬುದು ನನ್ನ ಮುಂದಿದ್ದ ಪ್ರಶ್ನೆ. ಒಂದು ಕೋಟಿ ಸುತ್ತು ಸಿಮ್ಯುಲೇಷನ್ ಓಡಿಸಿದೆ. ಸರದಿ ಒಮ್ಮೆಯೂ ತುಂಬಲಿಲ್ಲ. ವರದಿಯಲ್ಲಿ ‘ಸೊನ್ನೆ’ ಎಂದು ಬರೆದುಬಿಟ್ಟೆ. ಅಷ್ಟು ಸುತ್ತುಗಳಿಂದ ಶೇ. 95ರ ವಿಶ್ವಾಸದಲ್ಲಿ ಹೇಳಬಹುದಾದದ್ದು, ಸಂಭವನೀಯತೆ ಕೋಟಿಗೆ ಮೂರನ್ನು ಮೀರದು ಎಂಬುದಷ್ಟೇ.

ಈ ಮಾದರಿಗೆ ಉತ್ತರ ಕೈಲೆಕ್ಕದಲ್ಲೇ ಸಿಗುತ್ತದೆ: ಸುಮಾರು 107 ಕೋಟಿ ಸುತ್ತುಗಳಿಗೆ ಒಂದು. ಶೇ. 10ರ ದೋಷದೊಳಗೆ ಅಂದಾಜಿಸಲು ಇಂಥ ನೂರು ಘಟನೆಗಳಾದರೂ ಬೇಕು, ಅಂದರೆ ಹತ್ತು ಸಾವಿರ ಕೋಟಿಗೂ ಮಿಕ್ಕಿ ಸುತ್ತುಗಳು.

ಆಗ ಇಂಪಾರ್ಟೆನ್ಸ್ ಸ್ಯಾಂಪ್ಲಿಂಗ್‌ಗೆ, ಅಂದರೆ ಅಪರೂಪದ ಘಟನೆ ಹೆಚ್ಚು ಸಲ ನಡೆಯುವಂತೆ ಮಾದರಿಯನ್ನು ಬದಲಿಸಿ ಆಮೇಲೆ ಲೆಕ್ಕ ಸರಿದೂಗಿಸುವ ವಿಧಾನಕ್ಕೆ, ಕೈಹಾಕಿದೆ. ಕೆಲಸ ಬರುವ ವೇಗವನ್ನೂ ಮುಗಿಯುವ ವೇಗವನ್ನೂ ಅದಲುಬದಲು ಮಾಡಿ, ಹಾಗೆ ಮಾಡಿದ ಮೋಸವನ್ನು ತೂಕದಿಂದ (ಅಂದಾಜಿನಲ್ಲಿ ಆ ಸುತ್ತನ್ನು ಎಷ್ಟೆಂದು ಎಣಿಸಬೇಕೆಂಬ ಗುಣಕದಿಂದ) ಸರಿಪಡಿಸುವುದು ಇದರ ಉಪಾಯ: ಕೆಲಸ ಬಂದಾಗಲೆಲ್ಲ ತೂಕ ಅರ್ಧವಾಗುತ್ತದೆ, ಮುಗಿದಾಗಲೆಲ್ಲ ಇಮ್ಮಡಿಯಾಗುತ್ತದೆ. ಸರದಿ ತುಂಬಿದ ಸುತ್ತುಗಳ ತೂಕಗಳನ್ನು ಪರದೆಯ ಮೇಲೆ ಮುದ್ರಿಸಿ ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಸಂಖ್ಯೆ! ಕೋಡ್‌ನಲ್ಲೇ ತಪ್ಪಿದೆಯೆಂದು ಅರ್ಧ ದಿನ ಹುಡುಕಾಡಿದೆ. ತಪ್ಪಿರಲಿಲ್ಲ, ಸರದಿ ಎಷ್ಟೇ ಏರಿಳಿದರೂ 1ರಿಂದ 30ಕ್ಕೆ ತಲುಪುವಾಗ ಬಂದ ಕೆಲಸಗಳು ಮುಗಿದವುಗಳಿಗಿಂತ ಸರಿಯಾಗಿ 29 ಹೆಚ್ಚಿರಲೇಬೇಕು, ಹಾಗಾಗಿ ತೂಕ ಬದಲಾಗಲು ಎಡೆಯೇ ಇಲ್ಲ. ಅರ್ಧದಷ್ಟು ಸುತ್ತುಗಳಲ್ಲಿ ಸರದಿ ತುಂಬುವುದರಿಂದ ಹತ್ತು ಸಾವಿರ ಸುತ್ತುಗಳಲ್ಲೇ ದೋಷ ಶೇ. 1ರ ಆಸುಪಾಸಿಗೆ ಇಳಿಯಿತು. ಅಲ್ಲಿಯವರೆಗೆ ಓವರ್‌ಲೋಡ್ ಎಂದರೆ ಕೆಲಸಗಳು ಒಮ್ಮೆಲೇ ನುಗ್ಗುವುದು ಎಂದುಕೊಂಡಿದ್ದೆ. ಬರುವಿಕೆ ಚುರುಕಾಗುವುದೂ ಸರ್ವರ್ ಮಂದವಾಗುವುದೂ ಕೂಡಿ ಬಂದಾಗಲೇ ಸರದಿ ತುಂಬುವ ಸಾಧ್ಯತೆ ಹೆಚ್ಚು ಎಂಬುದು ಆಗ ಹೊಳೆಯಿತು.

ಅದೇ ಹುಮ್ಮಸ್ಸಿನಲ್ಲಿ, ಹೆಚ್ಚುಕಡಿಮೆ ಒಂದೇ ವೇಗದ ಎರಡು ಸರ್ವರ್‌ಗಳನ್ನು ಒಂದರ ಹಿಂದೊಂದು ಇಟ್ಟು ಎರಡೂ ಸರದಿಗಳ ಒಟ್ಟು ಕೆಲಸಗಳು ಮಿತಿ ಮುಟ್ಟುವ ಸಂಭವನೀಯತೆಗೆ ಇದೇ ಅದಲುಬದಲನ್ನು ಹಚ್ಚಿದಾಗ ಎಡವಿದೆ: ಪ್ರತಿಸಲ ಓಡಿಸಿದಾಗಲೂ ಅಂದಾಜು ಬೇರೆಯಾಗುತ್ತಿತ್ತು. ಒಂದು ಸರದಿ ಬರಿದಾಗಿದ್ದಾಗ ತೂಕಗಳು ಅಂಕೆ ಮೀರಿ ಏರುವುದು ಇದಕ್ಕೆ ಕಾರಣ. ಸಂಶೋಧಕರಾದ ಗ್ಲಾಸರ್‌ಮನ್ ಮತ್ತು ಕೌ 1995ರಲ್ಲೇ ಈ ದೌರ್ಬಲ್ಯವನ್ನು ವಿಶ್ಲೇಷಿಸಿದ್ದರು. ಕೊನೆಗೆ ಯಾವ ಸರದಿ ಖಾಲಿಯಿದೆ ಎಂಬುದನ್ನು ನೋಡಿಕೊಂಡು ಹೆಜ್ಜೆಹೆಜ್ಜೆಗೂ ವೇಗ ಬದಲಿಸುವ ವಿಧಾನಕ್ಕೆ ಹೊರಳಬೇಕಾಯಿತು. ಈಗ ಅಂದಾಜಿನ ಪಕ್ಕದಲ್ಲೇ ಅತಿ ದೊಡ್ಡ ತೂಕವನ್ನೂ ಮುದ್ರಿಸುತ್ತೇನೆ. ಒಂದೇ ಸುತ್ತು ಮೊತ್ತದ ಬಹುಪಾಲನ್ನು ನುಂಗಿದ್ದರೆ ಆ ಸಂಖ್ಯೆಯನ್ನು ವರದಿಗೆ ಸೇರಿಸುವುದಿಲ್ಲ.